ಕುಂಡಲದ ಹೊಸ ಆವೃತ್ತಿ

ಚಳ್ಳಕೆರೆ
೬ ಜೂನ್ ೨೦೦೪

ಪ್ರೀತಿಯ ಪೂರ್ಣಕ್ಕನಿಗೆ,

ಅಪೂರ್ಣನಾದ ತಮ್ಮನ ನಮಸ್ಕಾರ. ನಿನ್ನ ಕ್ಯಾಸೆಟ್ಟು ಮೊಳಕಾಲ್ಮುರು ಬಸ್ಸಿನ ಡ್ರೈವರ್ ಕೈಯಲ್ಲಿ ಬಂದು ತಿಂಗಳ ಮೇಲಾಯಿತು. ಉತ್ತರ ಈಗ ಹೊರಟಿದೆ. ಬೈಯುವುದಿದ್ದರೆ ಮೊದಲು ಚುನಾವಣೆಯನ್ನು ಬೈ, ಆಮೇಲೆ ಸಿಡಿಲನ್ನು, ಬಾಯಿ ಸೋಲದಿದ್ದರೆ ನನ್ನನ್ನು. ಪ್ರಚಾರದ ಘೋಷಣೆ ರೆಕಾರ್ಡ್ ಮಾಡಿಸಿಕೊಳ್ಳಲು ಎಲ್ಲ ಪಕ್ಷದವರೂ ನಮ್ಮ ಗೋದಾಮಿಗೇ ಬಂದರು, ಎಲ್ಲರಿಗೂ ನನ್ನದೇ ಗಂಟಲು. ಬೆಳಿಗ್ಗೆ ಒಬ್ಬರನ್ನು ಗೆಲ್ಲಿಸಿ ಎಂದು ಕೂಗಿದೆ, ಮಧ್ಯಾಹ್ನ ಅವರನ್ನೇ ಸೋಲಿಸಿ ಎಂದೆ. ಯಾರು ಗೆದ್ದರೋ, ಠೇವಣಿ ಕಳಕೊಂಡದ್ದು ನನ್ನ ಗಂಟಲು. ಅದು ಮುಗಿಯಿತು ಅನ್ನುವಷ್ಟರಲ್ಲಿ ಸಿಡಿಲು ಬಡಿದು ಕಂಪ್ಯೂಟರು ಹೋಯಿತು. ಮಳೆ ಬರಲಿಲ್ಲ, ಸಿಡಿಲು ಮಾತ್ರ ಬಂತು. ನಮ್ಮೂರಿಗೆ ಯಾವುದೂ ಪೂರ್ತಿ ಬರುವುದಿಲ್ಲ.

ಈ ಪತ್ರವನ್ನು ನೀನು ಕಾಮಣ್ಣ ಮೇಷ್ಟ್ರಿಗೂ ಓದಿ ಹೇಳುತ್ತೀ ಎಂದು ನನಗೆ ಗೊತ್ತು. ಭಾವ ಎಂದು ಬರೆಯೋಣವೆಂದರೆ ಹೆಸರಿನಲ್ಲೇ ಅಣ್ಣ ಕೂತಿದ್ದಾನೆ. ನೀನು ಏನೆಂದು ಕರೆಯುತ್ತೀಯೋ, ಆ ಕಷ್ಟ ನಿನಗಿರಲಿ. ಅವರಿಗೂ ತಿಳಿಯಲಿ ಎಂದು ಮೊದಲಿಂದ ಹೇಳುತ್ತೇನೆ, ನೀನು ಸಹಿಸಿಕೋ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡು ಕೆಟ್ಟವರ ಗಾದೆ ಎಲ್ಲರಿಗೂ ಗೊತ್ತು. ಎಣ್ಣೆ ಬಂದಾಗ ಕಿವಿ ಮುಚ್ಚಿಕೊಳ್ಳದೆ ಕೆಟ್ಟವರು ನಮ್ಮಪ್ಪ. ಒಂದು ಆಯುಷ್ಯವೆಲ್ಲ ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ, ಆ ರೋಟರಿ ಗಾಣಗಳ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಿಲ್ಲು ಮುಕ್ಕಾಲು ನಿಂತಿತು, ಗೋದಾಮಿನ ಗೋಡೆಗೆ ಗೋಣಿಚೀಲ ಹೊಡೆದು ನಾನು ರೆಕಾರ್ಡಿಂಗ್ ಮಾಡಿಕೊಂಡೆ, ಆದರೆ ಗಾಣ ಅವರ ಕಿವಿಯೊಳಗೆ ತಿರುಗುತ್ತಲೇ ಉಳಿಯಿತು. ಹೋದ ವರ್ಷ ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿದ್ದರೂ ಅವರು ಪೇಪರಿನ ಪುಟ ತಿರುವಿದಾಗಲೇ ನಮಗೆ ಗೊತ್ತಾದದ್ದು. ಸ್ಲೇಟು ತಂದುಕೊಟ್ಟೆ. "ನಾನೇನು ಕಿವುಡನೇನ್ಲಾ, ಸ್ಲೇಟ್ ಹಿಡ್ಕಂಡು ಬರ್ತೀಯ" ಎಂದು ಅದನ್ನು ಹಿತ್ತಲಿಗೆ ಎಸೆದರು. ಕಿವಿಗೆ ಹಾಕುವ ಮಷಿನ್ನು ತರೋಣ ಎಂದು ಕೂಗಿದೆ. "ಮಷಿನ್ ಇಟ್ಕಂಡ್ರೆ ಕಿವುಡ ಅಂತಾರೆ. ನಿನ್ನ ಆ ಟೋಪಿ ಹಾಕ್ಕಂಡ್ರೆ ಮಾಲೀಕ ಹಾಡು ಕೇಳ್ತಾನೆ ಅಂತಾರೆ" ಎಂದರು. ಟೋಪಿ ಅಂದರೆ ಹೆಡ್‌ಫೋನು.

ಅಲ್ಲಿಂದ ಹುಟ್ಟಿದ್ದು ಕುಂಡಲ. ಧ್ವನಿ ಮುದ್ರಿಸುವ ತಂತ್ರಾಂಶದೊಳಗೆ ಸಿಕ್ಕಿಸುವ ಪುಟ್ಟ ತಂತ್ರಾಂಶಕ್ಕೆ ಪ್ಲಗಿನ್ ಅನ್ನುತ್ತಾರೆ, ಅಂಥದ್ದೊಂದು ನಾನೇ ಬರೆದೆ. ಪರದೆಯ ಮೇಲೆ ತಿರುಗಿಸುವ ಗುಂಡಿಗಳು, ನಾಬು ಅನ್ನುತ್ತಾರೆ: ಒಂದು ನಾಬು ಮಾತನ್ನು ಎತ್ತಿಕೊಡುತ್ತದೆ, ಒಂದು ಗದ್ದಲವನ್ನು ಕಳೆಯುತ್ತದೆ, ಒಂದು ಒಟ್ಟು ಸದ್ದಿಗೆ. ಅಪ್ಪ ತಿಂಗಳುಗಟ್ಟಲೆ ತಾವೇ ತಿರುಗಿಸಿ ತಿರುಗಿಸಿ, ಎಣ್ಣೆಯ ಹದ ನೋಡಿದ ಹಾಗೆ, ತಮ್ಮ ಹದಕ್ಕೆ ತಂದುಕೊಂಡರು. ಕರ್ಣನಿಗೆ ಕುಂಡಲ ಹುಟ್ಟುತ್ತಲೇ ಬಂತು, ನಮ್ಮಪ್ಪ ಜಂಬುಲಿಂಗಪ್ಪನವರಿಗೆ ಎಪ್ಪತ್ತಕ್ಕೆ.

ಇಂಥದ್ದನ್ನು ಬುಡದಿಂದ ಯಾರೂ ಬರೆಯುವುದಿಲ್ಲ. ಪರದೇಶದ ಯಾವನೋ ಪುಣ್ಯಾತ್ಮ ಒಂದು ಚೌಕಟ್ಟು ಕಟ್ಟಿ ಬಿಟ್ಟಿ ಹಂಚುತ್ತಾನೆ. ಮಗ್ಗದ ಮನೆಯ ಮೇಷ್ಟ್ರಿಗೆ ಹೇಳು: ಮಗ್ಗ ಅವನದು, ನೇಯ್ಗೆ ನಮ್ಮದು. ಹೊಸ ಕಂಪ್ಯೂಟರಿನಲ್ಲಿ ಹಳೆಯ ಕುಂಡಲ ಕೂರಲಿಲ್ಲವೆಂದು ಚೌಕಟ್ಟಿನ ಹೊಸ ಆವೃತ್ತಿ ತಂದೆ. ಅವನು ಹೆಸರುಗಳನ್ನೆಲ್ಲ ಬದಲಿಸಿಬಿಟ್ಟಿದ್ದ. ಹಿಂದೆ ಕರೆದರೆ ಓಡಿ ಬರುತ್ತಿದ್ದವು ಈಗ ತಿರುಗಿಯೂ ನೋಡುವುದಿಲ್ಲ, ಮದುವೆಯಾದ ಹಳೆಯ ಸಹಪಾಠಿಯ ಹಾಗೆ. ಪರದೆ ತುಂಬ ತಪ್ಪಿನ ಸಾಲು. ಒಂದೊಂದನ್ನೇ ತಿದ್ದಿದೆ. ಕೊನೆಗೆ ಒಂದೂ ತಕರಾರಿಲ್ಲದೆ ಕುಂಡಲ ಎದ್ದು ಕೂತಿತು.

ಮೊನ್ನೆ ನಿನ್ನ ಕ್ಯಾಸೆಟ್ಟು ಹಾಕಿದೆ. 'ಅಪ್ಪಾಜಿ ಒಬ್ಬರಿಗೇ' ಎಂದು ಮೇಲೆ ಬರೆದಿದ್ದೆಯಲ್ಲ, ನಾನು ಕೇಳಲಿಲ್ಲ. ಸ್ಪೀಕರು ಬಂದ್ ಮಾಡಿಯೇ ಕಂಪ್ಯೂಟರಿಗೆ ಇಳಿಸಿದೆ. ನೀನು ಮರುಮದುವೆಗೆ, ಮೇಷ್ಟ್ರ ಕೈಹಿಡಿಯಲು, ಒಪ್ಪಿಗೆ ಕೇಳಿದ್ದೀ ಎಂದಷ್ಟೇ ನಿನ್ನ ಪತ್ರದಿಂದ ಗೊತ್ತು. ಅಪ್ಪ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ನಡುನಡುವೆ ತಲೆಯಾಡಿಸಿದರು. ಮುಗಿದ ಮೇಲೆ ಏನಂತೀರಿ ಎಂದು ಕೈಸನ್ನೆ ಮಾಡಿದೆ. "ಆಗ್ಲಿ ಬಿಡು. ಒಳ್ಳೇದಾಗ್ಲಿ" ಎಂದರು.

ಅಕ್ಕಾ, ಇಷ್ಟೇ. ನೀನು ಈ ಹೊಸಿಲು ತುಳಿದು ಎರಡು ವರ್ಷವಾಯಿತು. ಆ ದೀಪಾವಳಿಯಂದು ಜಗಲಿಯ ಮೇಲೆ ದೊಡ್ಡಪ್ಪ ಎಲ್ಲರೆದುರು ನಿನ್ನನ್ನು ಆ ಮಾತು ಅಂದದ್ದು, ಅಪ್ಪ ಅದಕ್ಕೆ ತಲೆಯಾಡಿಸಿದ್ದು, ನೀನು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದದ್ದು, ಎಲ್ಲಕ್ಕೂ ಇದು ಉತ್ತರ ಅಂದುಕೋ. ಅಂದು ನಿನ್ನ ಎದುರಾಗಿ ಆಡಿದ ತಲೆ ಇಂದು ನಿನ್ನ ಪರವಾಗಿ ಆಡಿದೆ. ದಿನ ಗೊತ್ತು ಮಾಡಿಕೊಳ್ಳಿ.

ನಿನ್ನ ತಮ್ಮ,
ಮಹಾಂತೇಶ

ಚಳ್ಳಕೆರೆ
೨೭ ಜೂನ್ ೨೦೦೪

ಪೂರ್ಣಕ್ಕ,

ಈ ಪತ್ರವನ್ನು ಮೂರು ಸಲ ಶುರುಮಾಡಿ ಮೂರು ಸಲ ಹರಿದೆ. ನಡುವೆ ಎದ್ದು ಬಸ್‌ಸ್ಟ್ಯಾಂಡಿನವರೆಗೆ ಹೋದೆ, ಮೊಳಕಾಲ್ಮುರು ಬಸ್ಸು ಹತ್ತೋಣವೆಂದು ಒಂದು ಕಾಲು ಇಟ್ಟೆ, ಇಳಿದೆ, ಟೀ ಕುಡಿದು ವಾಪಸ್ಸು ಬಂದೆ. ಇದನ್ನು ನೀನು ಒಬ್ಬಳೇ ಓದು. ಮೇಷ್ಟ್ರಿಗೆ ಆಮೇಲೆ ಹೇಳುವೆಯಂತೆ.

ನಿನ್ನ ಪತ್ರ ನೋಡಿದೆ. ಶ್ರಾವಣದಲ್ಲಿ ದಿನ ಗೊತ್ತಾಯಿತೆಂದೂ, ಮೇಷ್ಟ್ರು ತಮ್ಮ ಮನೆಯ ಮಗ್ಗದಲ್ಲಿ ನಿನಗೆಂದೇ ಸೀರೆ ಏರಿಸಿದ್ದಾರೆಂದೂ, ಸೆರಗಿನಲ್ಲಿ ನವಿಲು ಬರುತ್ತದೆಂದೂ ಬರೆದಿದ್ದೀ. ಓದಿ ಎಷ್ಟು ಸಂತೋಷಪಟ್ಟೆನೋ ಅದರ ಎರಡರಷ್ಟು ಸಂಕಟಪಡುತ್ತಿದ್ದೇನೆ.

ಮೊನ್ನೆ ಗಾದ್ರಪ್ಪ, ಮಿಲ್ಲಿನಲ್ಲಿ ಈಗ ಉಳಿದಿರುವ ಒಬ್ಬನೇ ಆಳು, ಗೋದಾಮು ಗುಡಿಸಲು ಬಂದವನು ಅಪ್ಪನ ಕುರ್ಚಿ ಖಾಲಿ ಇದ್ದದ್ದು ನೋಡಿ ಹೆಡ್‌ಫೋನು ಏರಿಸಿಕೊಂಡ. ಅಪ್ಪನ ದಿನದ ಭಜನೆ ಓಡುತ್ತಿತ್ತು. ತಕ್ಷಣ ಕಿತ್ತಿಟ್ಟ.

"ಸಾಮಿ, ಇದ್ರೊಳಗೆ ಹಾವು ಸೇರ್ಕಂಡೈತೆ" ಎಂದ.

"ಏನ್ ಹಾವೋ?"

"ಬರೀ ಬುಸ್ ಬುಸ್ ಅಂತೈತೆ ಕಣ್ರಿ. ಇದನ್ನ ಮಾಲೀಕ್ರು ದಿನಾ ಕೇಳಿ ತಲೆದೂಗ್ತಾರಾ? ದೊಡ್ಡೋರ ಸಂಗೀತ ದೊಡ್ಡೋರ್ಗೆ ಸರಿ ಬಿಡ್ರಿ."

ಹಾಕಿಕೊಂಡು ನೋಡಿದೆ. ಅವನು ಹೇಳಿದ್ದು ನಿಜ. ಭಜನೆಯ ಮೈಯೆಲ್ಲ ಕಳೆದುಹೋಗಿ ಸ, ಶ, ಷ ಮಾತ್ರ ಉಳಿದಿತ್ತು. ಗಾಣದ ಗದ್ದಲ ಅಪ್ಪನ ಕಿವಿಯಿಂದ ಮೊದಲು ತಿಂದುಹಾಕಿದ್ದೇ ಆ ಸಣ್ಣ ಸದ್ದುಗಳನ್ನು. ಅಂದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಹೊಸ ಆವೃತ್ತಿ ಕೂರಿಸಿದ ದಿನದಿಂದ. ನಿನ್ನ ಕ್ಯಾಸೆಟ್ಟಿನ ದಿನವೂ.

ಏನಾಯಿತೆಂದು ಮಗ್ಗದ ಊರಿನವಳಿಗೆ ಹೇಳುವುದು ಸುಲಭ. ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಒಂದಕ್ಕೊಂದು ಸೇರಿಸುತ್ತಾರಲ್ಲ, ಒಂದೆಳೆ ಆಚೀಚೆಯಾದರೆ ಅಂಚಿನ ಬಣ್ಣ ಮೈಗೆ ಬರುತ್ತದೆ. ಹಳೆಯ ಚೌಕಟ್ಟು ನಾಬುಗಳನ್ನು ನಾನು ಇಟ್ಟ ಸಾಲಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಹೊಸದು ಹಾಜರಿ ಕರೆಯುವ ಮೇಷ್ಟ್ರ ಹಾಗೆ ಹೆಸರಿನ ಅಕ್ಷರ ನೋಡಿ ಸಾಲು ನಿಲ್ಲಿಸುತ್ತದೆ. ನಾನು ಸಿ.ಡಿ.ಗೆ ತೆಗೆದಿಟ್ಟಿದ್ದರಿಂದ ಅಪ್ಪ ಹದ ಮಾಡಿಟ್ಟಿದ್ದ ಅಳತೆಗಳೆಲ್ಲ ಉಳಿದವು, ಆದರೆ ಮಾತು ಎತ್ತುವ ನಾಬಿನ ಅಳತೆ ಗದ್ದಲ ಕಳೆಯುವ ನಾಬಿಗೆ ಹೋಗಿ ಕೂತಿತು. ನಿನ್ನ ದನಿಯನ್ನೇ ಗದ್ದಲವೆಂದು ಕಳೆದುಬಿಟ್ಟಿತು. ಪರದೆಯ ಮೇಲಿನ ನಾಬಿನ ಚಿತ್ರ ನಾನು ಬರೆದದ್ದು, ಅದು ಹಳೆಯ ಜಾಗವನ್ನೇ ತೋರಿಸುತ್ತ ನಗುತ್ತಿತ್ತು. ತಂತ್ರಾಂಶದ ಆವೃತ್ತಿ ಬದಲಾದದ್ದಕ್ಕೆ ಸದ್ದಿನ ಆವೃತ್ತಿಗಳೆಲ್ಲ, ಅಂದರೆ ಫ್ರೀಕ್ವೆನ್ಸಿಗಳೆಲ್ಲ, ಕೆಟ್ಟವು ಎಂದು ಬೇರೆ ದಿನವಾಗಿದ್ದರೆ ಒಂದು ಮಾತು ಹೊಸೆಯುತ್ತಿದ್ದೆ. ಇವತ್ತು ಮನಸ್ಸಿಲ್ಲ.

ಅಳುವ ಕೂಸಿಗೇ ಹಾಲು. ಅತ್ತ ತಪ್ಪುಗಳನ್ನೆಲ್ಲ ಎತ್ತಿ ಸಮಾಧಾನ ಮಾಡಿದೆ. ಈ ತಪ್ಪು ಅಳಲಿಲ್ಲ. ಬರೆದದ್ದಕ್ಕೆಲ್ಲ ಹೂಂಗುಟ್ಟಿ ಸುಮ್ಮನೆ ಕೂತಿತ್ತು. ಸೈಬರ್ ಕೆಫೆಗೆ ಹೋಗಿ ಚೌಕಟ್ಟಿನವರಿಗೆ ಮಿಂಚಂಚೆ ಬರೆದೆ: ನೀವು ಹೀಗೆ ಮಾಡಿದ್ದರಿಂದ ನಮ್ಮ ಮನೆಯ ಒಂದು ಮದುವೆ ಅಲ್ಲಾಡುತ್ತಿದೆ. ತಾಸಿನೊಳಗೆ ಉತ್ತರ ಬಂತು: ಬದಲಾವಣೆಗಳ ಪಟ್ಟಿಯನ್ನು ಕೊನೆಯವರೆಗೆ ಓದಿದಿರಾ? ಓದಿರಲಿಲ್ಲ. ಕೊನೆಯಲ್ಲಿ ಇತ್ತು: ಹಳೆಯ ಅಳತೆಗಳು ಜಾಗ ತಪ್ಪಬಹುದು, ಕಿವಿಯಿಂದ ಕೇಳಿ ಪರೀಕ್ಷಿಸಿಕೊಳ್ಳಿ.

ಇನ್ನು ತಲೆಯಾಡಿಸಿದ್ದು. ಅದನ್ನೂ ಗಾದ್ರಪ್ಪನನ್ನೇ ಕೇಳಿದೆ. "ಮಿಲ್ ಓಡೋವಾಗ ಯಾರ ಮಾತು ಯಾರಿಗೆ ಕೇಳ್ತೈತೆ? ನಾವು ದೂರದಿಂದ ಬಾಯಿ ಆಡ್ಸ್ತೀವಿ, ಮಾಲೀಕ್ರು ತಲೆ ಆಡ್ಸ್ತಾರೆ. 'ನಿನ್ನ ನೋಡ್ದೆ ಹೋಗು' ಅಂತ ಅರ್ಥ. ಒಪ್ಪಿದೆ ಅಂತಲ್ಲ" ಎಂದ. ಅದೇ ಮಿಲ್ಲಿನಲ್ಲಿ ಬೆಳೆದ ನನಗೆ ಇದು ಹೊಳೆಯದೆ ನಿನಗೆ ಒಪ್ಪಿಗೆ ಸಿಕ್ಕಿತೆಂದು ಬರೆದೆ.

ಈಗ ನನ್ನ ಒದ್ದಾಟ ಕೇಳು. ಸರಿಪಡಿಸುವುದು ಕಷ್ಟವಿಲ್ಲ, ಅಳತೆಗಳನ್ನು ಅವುಗಳ ಜಾಗಕ್ಕೆ ಎತ್ತಿಡಬೇಕು ಅಷ್ಟೇ. ಆದರೆ ಸರಿಪಡಿಸಿ ಕ್ಯಾಸೆಟ್ಟು ಕೇಳಿಸಿದರೆ ಅಪ್ಪ ಬೇಡ ಅನ್ನಬಹುದು. ಹೀಗೇ ಬಿಟ್ಟರೆ 'ಆಗಲಿ' ಎಂಬ ಮಾತು ಇದ್ದ ಹಾಗೇ ಇರುತ್ತದೆ, ಶ್ರಾವಣ ಬರುತ್ತದೆ, ಸೀರೆ ಮಗ್ಗದಿಂದ ಇಳಿಯುತ್ತದೆ. ಕೆಟ್ಟ ತಂತ್ರಾಂಶ ಕೊಟ್ಟ ಆಶೀರ್ವಾದ. ಅದನ್ನು ಮುಟ್ಟಲೇ, ಬಿಡಲೇ? ಬೆಳಿಗ್ಗೆ ಮುಟ್ಟಬೇಕು ಅನಿಸುತ್ತದೆ, ಊಟದ ಹೊತ್ತಿಗೆ ಬಿಡಬೇಕು ಅನಿಸುತ್ತದೆ. ಅಪ್ಪ ಎದುರಿಗೇ ಕೂತು ಬುಸುಗುಡುವ ಭಜನೆಗೆ ತಲೆದೂಗುತ್ತಿದ್ದಾರೆ, ನನಗೆ ನೋಡಲಾಗುತ್ತಿಲ್ಲ.

ಇದು ನಿನ್ನ ಬಾಳು. ನೀನು ಹೇಳಿದಂತೆ ಮಾಡುತ್ತೇನೆ. ಬೇಗ ಬರೆ.

ಮಾಂತು

ಚಳ್ಳಕೆರೆ
೧೧ ಜುಲೈ ೨೦೦೪

ಪ್ರೀತಿಯ ಅಕ್ಕನಿಗೆ,

ಅಷ್ಟುದ್ದದ ಪತ್ರಕ್ಕೆ ನಿನ್ನ ಉತ್ತರ ಒಂದೇ ಸಾಲು: 'ಕೇಳಿಸು. ಕೇಳದ ಕಿವಿಯ ಹೂಂ ನನಗೆ ಬೇಡ.' ಕ್ಲಾಸಿನಲ್ಲಿ ಹುಡುಗಿಯರು ನಿನಗೆ ಯಾಕೆ ಹೆದರುತ್ತಾರೆಂದು ಗೊತ್ತಾಯಿತು. ಕೇಳಿಸಿ ಎಂಟು ಹತ್ತು ದಿನವಾದರೂ ಬರೆಯದೆ ಕೂತದ್ದಕ್ಕೆ ಬೈಯಬೇಡ. ನಡೆಯುತ್ತಿದ್ದದ್ದು ಮುಗಿಯಲಿ ಎಂದು ಕಾದೆ, ನಿನ್ನೆ ಮುಗಿಯಿತು.

ನಾಬುಗಳ ಅಳತೆಯನ್ನು ಜಾಗಕ್ಕೆ ಇಟ್ಟೆ. ಈ ಸಲ ಮೊದಲು ನಾನೇ ಕೇಳಿ ನೋಡಿದೆ. ಆಮೇಲೆ ಅಪ್ಪನನ್ನು ಕೂರಿಸಿ ಭಜನೆ ಹಾಕಿದೆ. ತಟ್ಟನೆ ಕಣ್ಣು ಬಿಟ್ಟರು. "ತಾಳ ಕೇಳ್ತೈತೆ" ಎಂದರು. ಮೈಕು ಹಿಡಿದು ಕೇಳಿದೆ, ಅದೂ ಕುಂಡಲದ ಮೂಲಕವೇ ಅವರ ಕಿವಿಗೆ ಹೋಗುತ್ತದೆ.

"ಇಷ್ಟ್ ದಿನ ಕೇಳ್ತಿರ್ಲಿಲ್ವಾ ಅಪ್ಪಾಜಿ?"

"ಇಲ್ಲ."

"ಮತ್ತೆ ತಲೆ ಯಾಕೆ ಆಡ್ಸ್ತಿದ್ರಿ?"

ಸ್ವಲ್ಪ ಹೊತ್ತು ಹೆಡ್‌ಫೋನಿನ ವೈರು ನೇವರಿಸಿದರು. "ಸಿಡಿಲು ಬಡ್ದು ಮಷಿನ್ ಹೋತು ಅಂತ ಹಗಲೂ ರಾತ್ರಿ ಕೂತು ಮತ್ತೆ ಮಾಡ್ದೆ. ಕೇಳ್ತಿಲ್ಲ ಅಂದ್ರೆ ನಿನಗೆ ಹೆಂಗಾಗ್ತೈತೆ? ಮುಂದಕ್ಕೆ ಕೇಳ್ತೈತೇನೋ ಅಂತ ಕಾಯ್ತಿದ್ದೆ" ಎಂದರು.

"ಪೂರ್ಣಕ್ಕನ ಕ್ಯಾಸೆಟ್ಟು ಇನ್ನೊಂದ್ಸಲ ಕೇಳ್ಬೇಕು ನೀವು" ಎಂದಷ್ಟೇ ಹೇಳಿ ಹಾಕಿದೆ, ಹಾಕಿ ಬಾಗಿಲ ಹತ್ತಿರ ನಿಂತೆ. ಅಪ್ಪನ ತಲೆಯನ್ನೇ ನೋಡುತ್ತಿದ್ದೆ. ಆಡಲಿಲ್ಲ. ನಡುವೆ ಒಮ್ಮೆ ಕೈ ಎತ್ತಿದರು, ನಿಲ್ಲಿಸು ಎಂದಲ್ಲ, ಹಿಂದಕ್ಕೆ ತಿರುಗಿಸು ಎಂದು. ಆ ಒಂದು ಭಾಗವನ್ನು ಮತ್ತೆ ಕೇಳಿದರು. ಪೂರ್ತಿ ಮುಗಿದ ಮೇಲೆ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡು ಗೋಣಿಚೀಲದ ಗೋಡೆ ನೋಡುತ್ತ ಕೂತರು.

ಆ ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮರುದಿನವೂ ಇಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುವುದು, ಎದ್ದರೆ ಜಗಲಿಯಿಂದ ಮಿಲ್ಲಿಗೆ, ಮಿಲ್ಲಿನಿಂದ ಜಗಲಿಗೆ. ಒಂದು ಬೆಳಿಗ್ಗೆ ಗಾದ್ರಪ್ಪನನ್ನು ಕರೆದು, ಮನೆಯಲ್ಲಿರುವ ಒಳ್ಳೆ ಶೇಂಗಾ ಆರಿಸಿ ಒಂದು ಡಬ್ಬ ಎಣ್ಣೆ ತೆಗೆ ಎಂದರು. ಒಂದು ಡಬ್ಬಕ್ಕೆ ಗಾಣ ಚಾಲೂ ಮಾಡಿದರೆ ಕರೆಂಟಿನ ಖರ್ಚೂ ಹುಟ್ಟುವುದಿಲ್ಲ ಎಂದು ಅವನು ಗೊಣಗಿದ. ಅಪ್ಪ ಎಂದಿನಂತೆ ತಲೆಯಾಡಿಸಿದರು. ಅವನು ಹಣೆ ಚಚ್ಚಿಕೊಂಡು ಬೆಲ್ಟು ಹಾಕಿದ. ಬಹಳ ದಿನದ ಮೇಲೆ ಗಾಣ ತಿರುಗಿತು. ಓಣಿಯವರು ಮಾಲೀಕರಿಗೆ ಮತ್ತೆ ಹುರುಪು ಬಂತೆಂದು ಮಾತಾಡಿಕೊಂಡರು.

ನಿನ್ನೆ ಸಂಜೆ ನನ್ನನ್ನು ಕರೆದು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಬರೋ ಭಾನುವಾರ ಬರ್ತೀನಿ ಅಂತ ಬರಿ. ಮೇಷ್ಟ್ರನ್ನೂ ಇರೋಕೆ ಹೇಳು. ಹೂಂ ಅನ್ನೋದೋ ಉಹೂಂ ಅನ್ನೋದೋ, ಅವಳ ಎದುರಿಗೆ ಕೂತು ಬಾಯಿ ಬಿಟ್ಟು ಅಂತೀನಿ. ತಲೆ ಆಡ್ಸಲ್ಲ ಅಂತ ಬರಿ."

ಎಣ್ಣೆಯ ಡಬ್ಬ ಅವರೇ ಹೊತ್ತು ತರುತ್ತಾರಂತೆ, ನನಗೆ ಕೊಡುವುದಿಲ್ಲ. ಸೀರೆಯನ್ನು ಅರ್ಧಕ್ಕೇ ಮಗ್ಗದಿಂದ ಇಳಿಸಬೇಡಿ ಎಂದು ಮೇಷ್ಟ್ರಿಗೆ ಹೇಳು. ಅಪ್ಪನ ಆಶೀರ್ವಾದವನ್ನು ಈ ಸಲ ನಾನು ಅಂಚೆಯಲ್ಲಿ ಕಳಿಸುವುದಿಲ್ಲ, ಹಿಂದೆ ಕಳಿಸಿ ಕೈ ಸುಟ್ಟುಕೊಂಡಿದ್ದೇನೆ. ನನ್ನದು ಮಾತ್ರ ಕಳಿಸುತ್ತೇನೆ. ಚಿಕ್ಕವನು ಹರಸಬಾರದೆಂದು ಶಾಸ್ತ್ರವಿದ್ದರೆ ಅದರ ಹೊಸ ಆವೃತ್ತಿ ಬರಲಿ. ನವಿಲು ಚೆನ್ನಾಗಿ ಗರಿ ಬಿಚ್ಚಲಿ.

ನಿನ್ನ ತಮ್ಮ,
ಮಹಾಂತೇಶ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ.

ಕ್ಯಾಸೆಟ್ಟು ಮುಗಿದ ಮೇಲೆ ಅಪ್ಪ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಮೇಷ್ಟ್ರ ಕುಲದ್ದಲ್ಲ, ಸಂಬಳದ್ದಲ್ಲ. "ದೀಪಾವಳಿ ದಿನ ನೀವೂ ತಲೆ ಆಡ್ಸಿದ್ರಿ ಅಂತಾಳಲ್ಲ, ಯಾವುದಕ್ಕೆ ತಲೆ ಆಡ್ಸಿದೆ ನಾನು? ಅಣ್ಣ ಅವತ್ತು ಏನಂದ?"

ಅವರಿಗೆ ಗೊತ್ತಿರಲಿಲ್ಲ, ಅಕ್ಕ. ಹೋದ ವರ್ಷ ಕಿವಿ ಹೋಯಿತೆಂದು ನಾವು ತಿಳಿದದ್ದು, ಅದಕ್ಕೂ ಎಷ್ಟೋ ಹಿಂದೆ ಹೋಗಿತ್ತು. ಎಲ್ಲರೂ ಕೂಗಿಯೇ ಮಾತಾಡುವ ಮಿಲ್ಲಿನ ಮನೆಯಲ್ಲಿ ಯಾರ ಲಕ್ಷ್ಯಕ್ಕೂ ಬರಲಿಲ್ಲ. ನೀನು ಯಾಕೆ ಮನೆಗೆ ಬರುವುದನ್ನು ಬಿಟ್ಟೆ ಎಂಬುದು ಈ ಎರಡು ವರ್ಷ ಅವರಿಗೆ ತಿಳಿದೇ ಇರಲಿಲ್ಲ. ಕೇಳಲು ಹೋದರೆ ಕಿವಿ ಕೇಳುವುದಿಲ್ಲವೆಂದು ಗೊತ್ತಾದೀತೆಂದು ಕೇಳಿರಲಿಲ್ಲ.

ಹೆಡ್‌ಫೋನು ಮತ್ತೆ ಹಾಕಿಕೊಂಡು "ಮೈಕಿನಾಗೆ ಹೇಳು" ಎಂದರು. ಎಲ್ಲ ಪಕ್ಷಗಳಿಗೂ ಗಂಟಲು ಬಾಡಿಗೆ ಕೊಟ್ಟ ನಾನು, ದೊಡ್ಡಪ್ಪನ ಆ ಮಾತನ್ನು ನನ್ನ ಬಾಯಿಂದ ಆಡಬೇಕಾಯಿತು. 'ಗಂಡ ಸತ್ತ ದುಃಖ ಆರುವ ಮುಂಚೆ ನೇಕಾರನ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವಳು ನಮ್ಮ ಮನೆಯ ದೀಪಕ್ಕೆ ಎಣ್ಣೆ ಹಾಕಬಾರದು, ಅಲ್ವೇನೋ ಜಂಬಣ್ಣ.' ಕುಂಡಲ ಒಂದು ಅಕ್ಷರವನ್ನೂ ಕಳೆಯಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು ಎಂದು ಆಗ ಅನಿಸಿತು.

ನಿನ್ನೆ ಶನಿವಾರ ಬೆಳಿಗ್ಗೆ ಅಪ್ಪ ದೊಡ್ಡಪ್ಪನ ಮಂಡಿಗೆ ಹೋದರು, ನಾನೂ ಹಿಂದೆ ಹೋದೆ. ವ್ಯಾಪಾರದ ಹೊತ್ತು, ಮಂಡಿ ತುಂಬ ಜನ. ಅಪ್ಪ ಚಪ್ಪಲಿಯನ್ನೂ ಬಿಡದೆ ನಿಂತು ಹೇಳಿದರು: "ಅಣ್ಣಾ, ನನಗೆ ಕಿವಿ ಕೇಳಲ್ಲ. ಬಹಳ ವರ್ಷ ಆತು. ನಾನು ಕಿವುಡ." ಮಂಡಿಯಲ್ಲಿ ತಕ್ಕಡಿ ನಿಂತಿತು. "ಆ ದೀಪಾವಳಿ ದಿನ ನನ್ನ ಮಗಳಿಗೆ ನೀನು ಏನೋ ಅಂದ್ಯಂತೆ, ನಾನು ತಲೆ ಆಡ್ಸಿದ್ನಂತೆ. ನನಗೆ ಕೇಳಿರ್ಲಿಲ್ಲ. ಈಗ ಇನ್ನೊಂದ್ಸಲ ಅನ್ನು. ಗಟ್ಟಿಯಾಗಿ ಅನ್ನು."

ದೊಡ್ಡಪ್ಪ ಸುತ್ತ ನೋಡಿದರು. ಏನೋ ಗೊಣಗಿದರು. "ಕೇಳ್ಲಿಲ್ಲ" ಎಂದರು ಅಪ್ಪ. ದೊಡ್ಡಪ್ಪ ಇನ್ನೂ ಮೆತ್ತಗೆ, ಒಳಗೆ ಬಾ ಕೂತು ಮಾತಾಡಾಣ ಎಂಬಂತೆ ಏನೋ ಅಂದರು. "ಕೇಳ್ಲಿಲ್ಲ" ಎಂದರು ಅಪ್ಪ. ಮೂರನೆಯ ಸಲ ದೊಡ್ಡಪ್ಪ ಬಾಯಿ ತೆರೆಯಲಿಲ್ಲ. ಅಪ್ಪ ತಿರುಗಿ ನಡೆದರು. ದಾರಿಯಲ್ಲಿ ನನ್ನ ಕಡೆ ನೋಡದೆಯೇ, "ಆ ಕಿವಿಗೆ ಇಡೋ ಮಷಿನ್ನು ದುರ್ಗದಾಗೆ ಸಿಗ್ತೈತಾ?" ಎಂದು ಕೇಳಿದರು.

ಅದು ಸಿಗುವುದು ಭಾನುವಾರದೊಳಗೆ ಆಗುವುದಿಲ್ಲ. ನೀನು ಅವರ ಎಡಗಡೆ ಕೂರು, ಆ ಕಿವಿ ತುಸು ವಾಸಿ. ಸಂಜೆಯ ದೀಪಕ್ಕೆ ಅವರು ತಂದ ಎಣ್ಣೆಯನ್ನೇ ಹಾಕು, ಅವರಿಗೆ ಕಾಣುವಂತೆ ಹಾಕು. ಮೇಷ್ಟ್ರ ವಿಷಯ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಓಣಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ, ಅಕ್ಕ.